ಒಂಬತ್ತನೇ ಬೆರಳಿಗೆ ನಿಲ್ಲುತ್ತಿದ್ದ ಪಟ್ಟಿ

ಕಂಪ್ಯೂಟರಿನ ಪರದೆಯ ಮೇಲೆ ತುಂಬಿಕೊಂಡು ಹೋಗುವ ನೀಲಿ ಪಟ್ಟಿ ನನ್ನ ಎರಡು ಕೈ ಒಟ್ಟಿಗಿಟ್ಟರೆ ಹತ್ತು ಬೆರಳಗಲ ಇರುತ್ತಿತ್ತು. ಅದು ಹತ್ತನೇ ಬೆರಳು ದಾಟಿದರೆ ಹಾಕಿದ ಸಿಡಿ ಸರಿಯಾಗಿದೆ ಎಂದು ಅರ್ಥ. ನಡುವೆ ನಿಂತರೆ ಎಷ್ಟನೇ ಬೆರಳಿಗೆ ನಿಂತಿತು ಎಂದು ನೋಟ್ ಬುಕ್ಕಿನಲ್ಲಿ ಬರೆಯಬೇಕು. ಎರಡು ಸಾವಿರದ ಐದನೇ ಇಸವಿಯಲ್ಲಿ, ನಂಜನಗೂಡು ಬಸ್ ನಿಲ್ದಾಣದ ಹಿಂದಿನ ಬೀದಿಯ ಮಹಡಿ ಕೋಣೆಯಲ್ಲಿ, ಏಳು ತಿಂಗಳು ನಾನು ಮಾಡಿದ್ದು ಇಷ್ಟೇ.

ಕೋಣೆಯನ್ನು ಬಾಡಿಗೆಗೆ ಹಿಡಿದವನು ನನ್ನ ಮಗ ರವಿಕುಮಾರ. ಅಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ಊರಾಚೆಯ ಒಂದು ಕಾರ್ಖಾನೆಯವರು ಹೊಸ ಕಂಪ್ಯೂಟರ್ ತಂದುಕೊಂಡಾಗ ಹಳೆಯವನ್ನು ತಾಲ್ಲೂಕಿನ ಶಾಲೆಗಳಿಗೆ ಹಂಚಿದರು. ಕವಲಂದೆ, ಹುಲ್ಲಹಳ್ಳಿ, ತಗಡೂರು, ಹೀಗೆ ಹತ್ತೊಂಬತ್ತು ಶಾಲೆ. ಕೊಡುವಾಗ ಒಳಗಿನದೆಲ್ಲ ಅಳಿಸಿ ಕೊಟ್ಟಿದ್ದರು, ಕರೆಂಟು ಕೊಟ್ಟರೆ ಕಪ್ಪು ಪರದೆ ಬಿಟ್ಟು ಏನೂ ಬರುತ್ತಿರಲಿಲ್ಲ. ಕಂಪ್ಯೂಟರನ್ನು ನಡೆಸುವ, ಪುಕ್ಕಟೆ ಸಿಗುವ ಲಿನಕ್ಸನ್ನು ಅವಕ್ಕೆ ಹಾಕಿ, ಅದರಲ್ಲಿ ಬರುವ ಮಾತೆಲ್ಲ ಕನ್ನಡದಲ್ಲಿರುವಂತೆ ಒಂದು ಸಿಡಿ ಮಾಡಿಕೊಡುತ್ತೇವೆಂದು ರವಿಯೂ ಅವನ ಸ್ನೇಹಿತ ರಾಜೇಂದ್ರನೂ ಒಪ್ಪಿಕೊಂಡರು.

ರಾಜೇಂದ್ರ ನರಸೀಪುರದವನು. ಅಲ್ಲಿನ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸ. ಪೂರ್ತಿ ಸಿಡಿಯ ಅಚ್ಚಿಗೆ ಅವನು ಇಮೇಜ್ ಎನ್ನುತ್ತಿದ್ದ. ಅವನು ಅಲ್ಲಿ ಅಚ್ಚು ಕಟ್ಟಿ, ಸಿಡಿಗೆ ಇಳಿಸಿ, ನಂಜನಗೂಡು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುವುದು. ನಾವು ಇಲ್ಲಿ ಹಾಕಿ ನೋಡಿ ಹೇಳುವುದು. ಅದಕ್ಕೆಂದು ಅದೇ ಕಾರ್ಖಾನೆಯ ಆರು ಹಳೆಯ ಕಂಪ್ಯೂಟರನ್ನು ಕೋಣೆಯಲ್ಲಿ ಇಟ್ಟುಕೊಂಡಿದ್ದೆವು. ಅವುಗಳ ನೆತ್ತಿಯ ಮೇಲೆ ಕಾರ್ಖಾನೆಯ ಚೀಟಿ ಹಾಗೇ ಇತ್ತು. ರವಿ ಓದಿ ಹೇಳಿದ: ಸ್ಟೋರ್ಸ್, ಪರ್ಚೇಸ್, ಟೈಮ್ ಆಫೀಸ್, ಕ್ಯಾಂಟೀನ್, ಡಿಸ್ಪ್ಯಾಚ್, ಗೇಟ್. ನಾವೂ ಅವನ್ನು ಹಾಗೇ ಕರೆದೆವು. ಗೇಟ್ ಎಲ್ಲಕ್ಕಿಂತ ಹಳೆಯದು, ತೊಂಬತ್ತಾರನೇ ಇಸವಿಯದು. ಇವಲ್ಲದೆ ಕ್ಲಾಸಿನ ಹೊಸ ಕಂಪ್ಯೂಟರ್ ಒಂದಿತ್ತು.

ಕನ್ನಡ ಮಾತು ಹುಡುಕುವುದು ರವಿಯ ಪಾಲಿನ ಕೆಲಸ. ಮಧ್ಯಾಹ್ನ ನಾನು ಊಟದ ಕ್ಯಾರಿಯರ್ ತಂದಾಗ ಉಣ್ಣುತ್ತಲೇ ಕೇಳುತ್ತಿದ್ದ.

“ಅವ್ವ, ಬ್ಯಾಡದ ಕಾಗ್ದ ಎಲ್ಲಿಗ್ ಆಕ್ತೀಯ?”

“ಒಲೆಗೆ.”

“ಒಲೆಗಾಕುದ್ರೆ ವಾಪಸ್ ಬರಲ್ವಲ್ಲ. ಇದ್ರಲ್ಲಿ ಬೇಕು ಅಂದ್ರೆ ತಿರ್ಗ ತಗೋಬೋದು.”

“ತಿಪ್ಪೆ ಅನ್ನು.”

“ತಿಪ್ಪೇಲಿ ಕೊಳ್ತೋಯ್ತದೆ ಕಣವ್ವ.”

“ಅಂಗಾದ್ರೆ ಅಟ್ಟ ಕಣ್ಲಾ. ಬ್ಯಾಡ ಅಂತ ಅಟ್ಟಕ್ಕೆ ಎಸೀತೀವಿ, ಮೂರ್ ವರ್ಸ ಆದ್ಮೇಲೆ ಅದೇ ಬೇಕು ಅಂತ ಏಣಿ ಆಕ್ತೀವಿ.”

ಅವನು ನಕ್ಕು ಅಟ್ಟ ಎಂದೇ ಬರೆದುಕೊಂಡ. ಕಂಪ್ಯೂಟರ್ ಕಾಯಿಸುವ ಕಡೆಗೆಲ್ಲ ‘ವಸಿ ತಡೀರಿ’ ಎಂದು ಹಾಕಿದ. ರಾಜೇಂದ್ರನಿಗೆ ಅದು ಹಿಡಿಸಲಿಲ್ಲ.

“ಏನ್ಲಾ ಇದು ವಸಿ ಗಿಸಿ ಅಂತ? ಸರ್ಕಾರಿ ಸ್ಕೂಲಿಗೆ ಓಗೋದು, ಮೇಷ್ಟ್ರುಗಳು ಉಗೀತಾರೆ.”

“ಉಗುದ್ರೆ ಒರ್ಸ್ಕೊಳವ ಬುಡ್ಲಾ. ನಿರೀಕ್ಷಿಸಿ ಅಂದ್ರೆ ನಮ್ಮ ಐಕ್ಳು ಕಾಯ್ತವಾ, ಎದ್ದೋಯ್ತವೆ.”

ಹೀಗೆ ಎರಡು ವರ್ಷದಲ್ಲಿ ಸಾವಿರಗಟ್ಟಲೆ ಮಾತು ಕೂಡಿಸಿದ. ಅವು ಇನ್ನೂ ಸಿಡಿಗೆ ಸೇರಿರಲಿಲ್ಲ. ಒಂದು ಸಿಡಿ ಪೂರ್ತಿ ಕಂಪ್ಯೂಟರಿಗೆ ಇಳಿಯಲು ಒಂದೂವರೆ ಗಂಟೆ ಹಿಡಿಯುತ್ತಿತ್ತು. ಅಷ್ಟು ಹೊತ್ತು ಕೂತು ನೋಡುವ ತಾಳ್ಮೆ ಅವನಿಗಿರಲಿಲ್ಲ. ಪಟ್ಟಿ ನೋಡುವುದನ್ನು, ಯಾವ ಚಿತ್ರ ಬಂದಾಗ ಯಾವ ಗುಂಡಿ ಒತ್ತಬೇಕೆಂಬುದನ್ನು ನನಗೆ ಕಲಿಸಿ ತಾನು ಮಾತು ಹುಡುಕುತ್ತಿದ್ದ.

ಎರಡು ಸಾವಿರದ ನಾಲ್ಕರಲ್ಲಿ ದೀಪಾವಳಿ ಕಳೆದ ವಾರ, ಹೊಸ ಶರ್ಟು ಹಾಕಿಕೊಂಡು ಕವಲಂದೆ ಶಾಲೆಗೆ ಹೊರಟ. ಹೊಸ ಬಟ್ಟೆಯ ಅಂಚಿಗೆ ಚೂರು ಅರಿಶಿನ ಮುಟ್ಟಿಸಿ ಹಾಕಿಕೊಳ್ಳುವುದು ನಮ್ಮ ಕಡೆ ಎಲ್ಲ ಮನೆಯಲ್ಲೂ ಇರುವ ರೂಢಿ. “ತಡ್ಲಾ, ಅರ್ಸ್ನ ಮುಟ್ಟುಸ್ತೀನಿ” ಎಂದೆ. “ಬಸ್ಸೋಯ್ತದೆ ಕಣವ್ವ, ಬಂದ್ಮೇಲೆ ಮುಟ್ಟುಸು” ಎಂದು ಮೆಟ್ಟಿಲಿಳಿದ. ವಾಪಸ್ಸು ಬರುವಾಗ ಯಾರದೋ ಬೈಕಿನ ಹಿಂದೆ ಕೂತು ಬಂದ. ಲಾರಿ ಬಡಿಯಿತು. ಮೂವತ್ತು ವರ್ಷ.

ಅರಿಶಿನ ಮುಟ್ಟಿಸಲಿಲ್ಲವೆಂದೇ ಹೋದ ಎಂದು ನಾನು ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಆದರೆ ಅಂದಿನಿಂದ ಯಾವ ಹೊಸದು ಬಂದರೂ ಕೈ ತಾನಾಗಿ ಅರಿಶಿನದ ಬಟ್ಟಲಿಗೆ ಹೋಗುತ್ತಿತ್ತು. ಹೊಸ ಪೊರಕೆಗೆ ಹಚ್ಚಿದೆ. ಬಕೆಟ್ಟಿಗೆ ಹಚ್ಚಿದೆ. ಬೇಸರದಲ್ಲೂ ಅಲ್ಲ, ಭಕ್ತಿಯಲ್ಲೂ ಅಲ್ಲ, ಸುಮ್ಮನೆ.

ನಮ್ಮ ಸೊಸೆ ದಿವ್ಯ ತವರಿಗೆ ಹೋಗಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಪಹಣಿ ಟೈಪು ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು. ರವಿ ಬಿಟ್ಟ ಮಾತುಗಳನ್ನು ಬೆಳಗಿನ ಹೊತ್ತು ಕೂತು ತಾನೇ ಮುಗಿಸಿ ರಾಜೇಂದ್ರನಿಗೆ ಕಳಿಸಿದಳು. ನಾನು ಹಗಲೆಲ್ಲ ಕೋಣೆಯಲ್ಲಿ ಕೂತು ಪಟ್ಟಿ ನೋಡಿದೆ. ಮನೆಯಲ್ಲಿ ನಾವು ಮೂವರು, ಅನ್ನ ಮಾಡಿದೆ, ನೀರು ಬಂತು, ಕರೆಂಟು ಹೋಯಿತು ಎನ್ನುವಷ್ಟು ಮಾತ್ರ ಆಡುತ್ತಿದ್ದೆವು. ಯಜಮಾನರು ಒಂದು ದಿನ ಕೋಣೆಗೆ ಬಂದು ಬಾಗಿಲಲ್ಲೇ ನಿಂತು, “ಅಲ್ಲ ಕಣಮ್ಮಿ, ಆ ಡಬ್ಬನೇ ನೋಡ್ಕೊಂಡು ಕೂತ್ಕೊಂಡ್ರೆ ಅದೇನು ಮೊಟ್ಟೆ ಇಕ್ತದಾ?” ಎಂದರು. ನಾನು ನಗಲಿಲ್ಲ. ಅವರೂ ನಗಿಸಲೆಂದು ಹೇಳಿದ್ದಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಹೋದರು.

ನರಸೀಪುರದಿಂದ ಬರುವ ಪ್ರತಿ ಹೊಸ ಸಿಡಿಗೂ ಅರಿಶಿನ ಹಚ್ಚಿದೆ. ಮೇಲುಗಡೆ ರಾಜೇಂದ್ರ ಪೆನ್ನಿನಲ್ಲಿ ತಾರೀಕು ಬರೆದಿರುತ್ತಿದ್ದ. ಬರೆದದ್ದು ಅಳಿಸಬಾರದೆಂದು ಅದನ್ನು ತಿರುಗಿಸಿ, ಕನ್ನಡಿಯಂತೆ ಹೊಳೆಯುವ ಕಡೆ, ಬಟ್ಟೆಗೆ ಹಚ್ಚುವ ಹಾಗೆಯೇ ಅಂಚಿಗೆ, ತೊಗರಿಬೇಳೆಯಷ್ಟು. ಒಣಗಿದ ಮೇಲೆ ಹಾಕುತ್ತಿದ್ದೆ.

ಆ ಸಿಡಿಗಳು ಹಳೆಯ ಕಂಪ್ಯೂಟರಿನಲ್ಲಿ ನಿಲ್ಲತೊಡಗಿದವು. ಹೊಸದರಲ್ಲಿ ಹತ್ತೂ ಬೆರಳು ದಾಟುತ್ತಿತ್ತು. ಹಳೆಯ ಐದರಲ್ಲಿ ಒಂಬತ್ತನೇ ಬೆರಳಿಗೆ ಬಂದು ನಿಂತು, ಸಿಡಿ ತಿರುಗಿಸುವ ಡಬ್ಬಿ ಗರ್ರ್ ಗರ್ರ್ ಎಂದು ತಿರುಗಿ ಸುಮ್ಮನಾಗುತ್ತಿತ್ತು. ಗೇಟ್ ಮಾತ್ರ ನಾಲ್ಕಕ್ಕೇ ನಿಲ್ಲುತ್ತಿತ್ತು. ನಾನು ಕಂಡದ್ದನ್ನು ಬರೆದೆ. ಸ್ಟೋರ್ಸ್ ಒಂಬತ್ತು. ಪರ್ಚೇಸ್ ಒಂಬತ್ತು. ದಿವ್ಯ ಸಂಜೆ ಬಂದು ಫೋನಿನಲ್ಲಿ ಓದಿ ಹೇಳುತ್ತಿದ್ದಳು. ರಾಜೇಂದ್ರ ಅದೂ ಇದೂ ಬದಲಾಯಿಸಿ ಮತ್ತೊಂದು ಕಳಿಸುತ್ತಿದ್ದ. ಅದೂ ಒಂಬತ್ತು. ಮೂರು ತಿಂಗಳಲ್ಲಿ ಹನ್ನೊಂದು ಸಿಡಿ ನೋಡಿದೆ.

ಕೊನೆಗೆ ಒಂದು ಭಾನುವಾರ ಅವನೇ ಬಂದ. ಬುಕ್ಕನ್ನು ಮೊದಲಿನಿಂದ ತಿರುವಿ ಹಾಕಿ, ತಲೆಯೆತ್ತದೆ ಹೇಳಿದ.

“ಕನ್ನಡದ್ದೆಲ್ಲ ಇಳಿಯೋದು ಕೊನೇಲಿ, ಒಂಬತ್ತನೇ ಬೆರಳತ್ರ. ಅಲ್ಲೇ ನಿಂತದೆ. ಈ ಮುದಿ ಗಾಡಿಗಳಿಗೆ ಕನ್ನಡದ ಹೊರೆ ಎಳಿಯಕ್ಕಾಯ್ತಿಲ್ಲ ಅವ್ವ.”

“ಅದಕ್ಕೇನು ಮಾಡ್ತೀರಾ?” ಎಂದಳು ದಿವ್ಯ.

“ಕನ್ನಡ ತೆಗೆದು ಒಂದು ಮಾಡ್ಕೊಂಡು ಬಂದಿದೀನಿ. ಇಂಗ್ಲೀಷಿಂದೇ. ಇದು ದಾಟಿದ್ರೆ, ಬರೋ ಶನಿವಾರ ಮೈಸೂರಿಗೆ ಹೋಗಿ ಶಾಲೆಗಳಿಗೆಲ್ಲ ಇದನ್ನೇ ಕಾಪಿ ಮಾಡಿಸ್ಬೇಕು. ಮೇಷ್ಟ್ರುಗಳು ಎರಡು ವರ್ಷದಿಂದ ಕಾಯ್ತಾವ್ರೆ, ಇನ್ನು ತಡೆಯಲ್ಲ.”

“ಅವರು ಬರೆದದ್ದು?”

ರಾಜೇಂದ್ರ ಸಿಡಿಯನ್ನು ಮೇಜಿನ ಮೇಲಿಟ್ಟ. ಅವನು ಕಾಫಿ ಕುಡಿಯಲು ಕೆಳಗಿಳಿದಾಗ ನಾನು ಆ ಸಿಡಿಗೂ ಅರಿಶಿನ ಹಚ್ಚಿ ಒಣಗಿಸಿ ಹಾಕಿದೆ. ಸಂಜೆಯೊಳಗೆ ಮೂರು ಕಂಪ್ಯೂಟರಿನಲ್ಲಿ, ಮಾರನೆಯ ದಿನ ಉಳಿದ ಮೂರರಲ್ಲಿ ಹತ್ತೂ ಬೆರಳು ದಾಟಿತು. ಗೇಟೂ ದಾಟಿತು. ಆರು ಸಲ ‘ಹತ್ತು’ ಎಂದು ಬರೆದೆ. ನನ್ನ ಮಗ ಎರಡು ವರ್ಷ ಕೂಡಿಸಿದ್ದು ಹೋಯಿತು ಎಂದು ಗೊತ್ತಾಯಿತು. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಇರುತ್ತದಲ್ಲ, ಹಾಗಿತ್ತು. ದಿವ್ಯ ಬುಕ್ಕು ನೋಡಿ, ಫೋನಿನಲ್ಲಿ ಹೇಳಿ, ಸಾರಿಗೆ ಬೇಳೆ ತೊಳೆಯಲು ಎದ್ದಳು.

ಅದೇ ಸೋಮವಾರ ಸಂಜೆ ತಗಡೂರಿನಲ್ಲಿ ಯಜಮಾನರ ದಾಯಾದಿ ಮಹದೇವಯ್ಯ ತೀರಿಕೊಂಡರೆಂದು ಸುದ್ದಿ ಬಂತು. ಮಣ್ಣು ಮಾಡಿ ಬಂದೆವು. ನಮಗೆ ಸೂತಕ. ದೀಪ ಹಚ್ಚುವಂತಿಲ್ಲ, ಅರಿಶಿನ ಕುಂಕುಮ ಮುಟ್ಟುವಂತಿಲ್ಲ. ಬುಧವಾರ ಕಂಡಕ್ಟರು ಒಂದು ಪೊಟ್ಟಣ ಕೊಟ್ಟ. ಒಳಗೆ ಒಂದು ಸಿಡಿ, ಒಂದು ಚೀಟಿ. ‘ರವಿಯ ಕನ್ನಡ ಪೂರ್ತಿ ಇರುವುದು. ನಿಮ್ಮ ಹತ್ತಿರ ಇರಲಿ’ ಎಂದು ರಾಜೇಂದ್ರ ಬರೆದಿದ್ದ. ನೋಡುವುದಕ್ಕೆ ಕಳಿಸಿದ್ದಲ್ಲ, ಇಟ್ಟುಕೊಳ್ಳುವುದಕ್ಕೆ.

ಇಟ್ಟುಕೊಂಡು ಏನು ಮಾಡಲಿ. ಕರೆಂಟಿತ್ತು. ಪರ್ಚೇಸಿಗೆ ಹಾಕಿ ಕೂತೆ. ಸೂತಕವಾದ್ದರಿಂದ ಬಟ್ಟಲು ಮುಟ್ಟಲಿಲ್ಲ. ಪಟ್ಟಿ ಒಂಬತ್ತಕ್ಕೆ ಬಂತು. ನಿಲ್ಲುತ್ತದೆ ಎಂದು ಪೆನ್ನು ತೆಗೆದುಕೊಂಡೆ. ನಿಲ್ಲಲಿಲ್ಲ. ಹತ್ತು ದಾಟಿ, ಪರದೆ ಒಮ್ಮೆ ಕಪ್ಪಾಗಿ, ಆಮೇಲೆ ನಡುಮಧ್ಯೆ ‘ವಸಿ ತಡೀರಿ’ ಎಂದು ಬಂತು. ಆ ಹಳೆಯ ಕಂಪ್ಯೂಟರಿನಲ್ಲಿ ಅದನ್ನು ನಾನು ಕಂಡದ್ದು ಅದೇ ಮೊದಲು. ತಡೆದೆ. ಕೆಳಗೆ ಮೂಲೆಯಲ್ಲಿ ಅಟ್ಟ ಬಂತು.

ಅದೇ ಸಿಡಿಯನ್ನು ಸ್ಟೋರ್ಸಿಗೆ ಹಾಕಿದೆ. ದಾಟಿತು. ಗುರುವಾರ ಉಳಿದವಕ್ಕೆ ಹಾಕಿದೆ. ಟೈಮ್ ಆಫೀಸ್, ಕ್ಯಾಂಟೀನ್, ಡಿಸ್ಪ್ಯಾಚ್ ಮೂರೂ ದಾಟಿದವು. ಗೇಟ್ ಮಾತ್ರ ಎಂದಿನಂತೆ ನಾಲ್ಕಕ್ಕೇ ನಿಂತಿತು.

ಕೈಯಲ್ಲಿ ಸಿಡಿ ಹಿಡಿದುಕೊಂಡು ಯೋಚಿಸಿದೆ. ನಾನು ಚಿಕ್ಕವಳಾಗಿದ್ದಾಗ ನಮ್ಮಪ್ಪ ಕಬ್ಬಿನ ಗಾಡಿ ಹೊಡೆಯುತ್ತಿತ್ತು. ಎತ್ತು ಬಡವಾದರೆ ಒಂದೊಂದು ಒಂದೊಂದು ಕಡೆ ನಿಲ್ಲುತ್ತದೆ, ಎಲ್ಲ ಗಾಡಿಯೂ ಒಂದೇ ಜಾಗದಲ್ಲಿ ನಿಂತರೆ ಇಳಿದು ದಾರಿ ನೋಡಬೇಕು ಎನ್ನುತ್ತಿತ್ತು. ಐದು ಕಂಪ್ಯೂಟರ್ ಒಂಬತ್ತಕ್ಕೇ ನಿಂತವು. ನಾವು ಎತ್ತಿನ ಮೇಲೆ ತಪ್ಪು ಹೊರಿಸಿದೆವು. ಹಳೆಯ ಹನ್ನೊಂದು ಸಿಡಿಯನ್ನೂ ಡಬ್ಬದಿಂದ ತೆಗೆದು ಬೆಳಕಿಗೆ ಹಿಡಿದೆ. ಎಲ್ಲದರ ಹೊಳೆಯುವ ಕಡೆ, ಅಂಚಿನಲ್ಲಿ, ಹಳದಿ. ಈ ಒಂದಕ್ಕೆ ಇರಲಿಲ್ಲ.

ಸೂತಕ ಕಳೆಯುವ ತನಕ ಕಾದರೆ ಶನಿವಾರ ದಾಟಿಹೋಗುತ್ತದೆ. ಶುಕ್ರವಾರ ಬೆಳಗ್ಗೆ ಬಟ್ಟಲು ತೆಗೆದುಕೊಂಡೆ. ಸೂತಕದಲ್ಲಿ ಅರಿಶಿನ ಮುಟ್ಟಿದವಳು ಎಂದು ಯಾರಾದರೂ ಅನ್ನಲಿ. ಆ ಒಳ್ಳೆಯ ಸಿಡಿಯ ಅಂಚಿಗೆ ಎಂದಿನಷ್ಟೇ ಹಚ್ಚಿ, ಒಣಗಿಸಿ, ಪರ್ಚೇಸಿಗೆ ಹಾಕಿದೆ. ಒಂಬತ್ತಕ್ಕೆ ನಿಂತಿತು. ಗರ್ರ್ ಗರ್ರ್ ಎಂದಿತು.

ಮಧ್ಯಾಹ್ನ ಊಟಕ್ಕೆ ಬಂದ ದಿವ್ಯಳಿಗೆ ಹೇಳಿದೆ. ಅವಳು ಸಿಡಿಯನ್ನು ನೋಡಿದಳು, ಬಟ್ಟಲನ್ನು ನೋಡಿದಳು.

“ಎಲ್ಲಾದಕ್ಕೂ ಹಚ್ಚಿದ್ರಾ ಅತ್ತೆ?”

“ಎಲ್ಲಾದಕ್ಕೂ.”

“ನೀವು ಹೇಳ್ಬೇಡಿ. ಸಿಡಿಗೆ ಕೊಳೆ ಹಿಡಿದಿತ್ತು ಅಂತ ನಾನೇ ಹೇಳ್ತೀನಿ. ನಿಮ್ಮನ್ನ ಯಾರೂ ಏನೂ ಅನ್ನೋದು ಬೇಡ.”

“ಬುಕ್ಕಲ್ಲಿರೋದು ನನ್ನ ಕೈ ಬರವಣಿಗೆ ಕಣವ್ವ. ನಾನೇ ಓಯ್ತೀನಿ.”

ಕಾಲೇಜಿಗೆ ಫೋನು ಮಾಡಿದಳು, ಯಾರೂ ಎತ್ತಲಿಲ್ಲ. ಎರಡು ಗಂಟೆಯ ಬಸ್ಸು ಹತ್ತಿದೆ. ಸಿಡಿಗಳನ್ನೂ ಬುಕ್ಕನ್ನೂ ಬಟ್ಟೆ ಚೀಲದಲ್ಲಿ ತೊಡೆಯ ಮೇಲಿಟ್ಟುಕೊಂಡಿದ್ದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡೆ. ಇಳಿದಾಗ ಒಂದೂ ನೆನಪಿರಲಿಲ್ಲ.

ರಾಜೇಂದ್ರ ಲ್ಯಾಬಿನಲ್ಲಿ ಒಬ್ಬನೇ ಇದ್ದ. ಮಾರನೆಯ ದಿನ ಮೈಸೂರಿಗೆ ಒಯ್ಯುವ ಇಂಗ್ಲಿಷ್ ಸಿಡಿ ಮೇಜಿನ ಮೇಲಿತ್ತು.

“ಏನವ್ವ, ನೀನು ಇಲ್ಲಿಗಂಟ? ಮನೇಲೆಲ್ಲ ಚೆನ್ನಾಗವ್ರಾ?”

“ಚೆನ್ನಾಗವ್ರೆ. ಕನ್ನಡ ನಿಂತಿದ್ದು ನನ್ನಿಂದ ಕಣಪ್ಪ.”

ಹನ್ನೆರಡು ಸಿಡಿಯನ್ನೂ ಮೇಜಿನ ಮೇಲೆ ಮಗುಚಿ ಹಾಕಿದೆ. ಅವನು ಒಂದೊಂದೇ ಎತ್ತಿ ಕಿಟಕಿಗೆ ಹಿಡಿದ. ಉಗುರಿನಿಂದ ಕೆರೆದು ಮೂಸಿ ನೋಡಿದ.

“ಅರಿಶಿನವಾ?”

“ಊಂ.”

“ಯಾಕವ್ವ?”

“ಹೊಸದು ಅಂತ.”

ಅವನು ಕುರ್ಚಿಯಲ್ಲಿ ಕೂತ. ಸಿಟ್ಟು ಬಂದಿತ್ತು, ಮುಖದಲ್ಲಿ ಕಾಣುತ್ತಿತ್ತು. ಬಯ್ಯಲಿ ಎಂದು ನಿಂತೇ ಇದ್ದೆ.

“ಮೂರು ತಿಂಗಳು ಕಣವ್ವ. ರಜಾ ದಿನವೂ ಬಂದು ಕೂತಿದೀನಿ ಇಲ್ಲಿ. ನಮ್ಮನೇಲಿ ಹೆಂಡ್ತಿ, ಆ ಸಿಡೀನೇ ಕಟ್ಕೊಳಿ ಹೋಗಿ ಅಂತಾಳೆ.” ಒಂದು ಸಿಡಿಯ ಮೇಲೆ ಒಳಗಿನಿಂದ ಹೊರಕ್ಕೆ ಬೆರಳು ಸುತ್ತಿಸಿ ತೋರಿಸಿದ. “ನೋಡು, ಸಿಡಿ ಒಳಗಿಂದ ಹೊರಕ್ಕೆ ತುಂಬ್ಕೊಂಡು ಬತ್ತದೆ. ಕನ್ನಡ ಇದ್ರೆ ಅಂಚಿನಗಂಟ ಬತ್ತದೆ. ತೆಗೆದ್ರೆ ಅಲ್ಲಿಗಂಟ ಬರಲ್ಲ, ಅದಕ್ಕೇ ಇಂಗ್ಲೀಷು ದಾಟ್ತು. ಹೊಸ ಕಂಪ್ಯೂಟರಿನ ಕಣ್ಣು ಚುರುಕು, ಅರಿಶಿನ ಇದ್ರೂ ಓದ್ಕತದೆ. ಹಳೇವಕ್ಕೆ ಆಗಲ್ಲ. ನೀನು ಹಚ್ಚಿರೋದು ಸರಿಯಾಗಿ ರವಿ ಬರೆದಿದ್ರ ಮೇಲೇಯ.”

ನಾನು ಮಗುಚಿ ಹಾಕಿದ್ದ ಸಿಡಿಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದೆ.

“ಕೂತ್ಕೊ ಅವ್ವ. ನಿಂತೇ ಇದೀಯಲ್ಲ.”

“ನಾಳೆ ಇಂಗ್ಲೀಷಿಂದು ತಗೊಂಡೋಗ್ಬ್ಯಾಡ ಕಣಪ್ಪ.”

“ನಿನ್ನ ಬಾಯಿಮಾತು ಕೇಳ್ಕೊಂಡು ಕನ್ನಡದ್ದೂ ಒಯ್ಯಕ್ಕಾಗಲ್ಲ. ಹತ್ತೊಂಬತ್ತು ಶಾಲೇಲಿ ನಿಂತೋದ್ರೆ ನಾನು ಯಾರಿಗೆ ಮುಖ ತೋರ್ಸಲಿ? ಹೊಸದಾಗಿ ಆರು ಸಿಡಿ ಇಳಿಸ್ತೀನಿ. ನಾಳೆ ಬತ್ತೀನಿ. ಆರಕ್ಕೂ ಒಟ್ಟಿಗೆ ಹಾಕವ. ನೀನೇ ನೋಡು, ನೀನೇ ಬರಿ. ನಿನ್ನ ಬುಕ್ಕಲ್ಲಿ ಏನು ಬತ್ತದೋ ಅದೇ. ಮೈಸೂರು ಸೋಮವಾರಕ್ಕಿರಲಿ.”

ಶನಿವಾರ ದಿವ್ಯ ರಜೆ ಹಾಕಿದಳು. ರಾಜೇಂದ್ರ ಬಂದವನು ಸಿಡಿಗಳನ್ನು ನನ್ನ ಕೈಗೆ ಕೊಡದೆ ತಾನೇ ಆರಕ್ಕೂ ಹಾಕಿದ. ಒಂಬತ್ತೂವರೆಗೆ ಶುರುವಾಯಿತು. ನಾನು ಸ್ಟೂಲು ಎಳೆದುಕೊಂಡು ಒಂದರ ಮುಂದಿನಿಂದ ಇನ್ನೊಂದರ ಮುಂದಕ್ಕೆ ಹೋಗಿ ಬೆರಳಿಟ್ಟು ನೋಡಿದೆ. ಹತ್ತು ಗಂಟೆಯ ಹೊತ್ತಿಗೆ ಗೇಟ್ ನಾಲ್ಕಕ್ಕೆ ನಿಂತಿತು. ಸಿಡಿ ಡಬ್ಬಿ ಸದ್ದು ಮಾಡಲಿಲ್ಲ. ಅದು ಸುಮ್ಮನೆ ನಿಂತಿತು. ಇನ್ನೊಂದು ಸಲ ಹಾಕಿದೆವು. ನಾಲ್ಕು.

ಹನ್ನೊಂದರ ಸುಮಾರಿಗೆ ಸ್ಟೋರ್ಸ್ ದಾಟಿತು. ಆಮೇಲೆ ಕ್ಯಾಂಟೀನ್, ಡಿಸ್ಪ್ಯಾಚ್. ಪರ್ಚೇಸ್ ಎಂಟರಲ್ಲಿದ್ದಾಗ ಕರೆಂಟು ಹೋಗಿ, ಬಂದ ಮೇಲೆ ಅದನ್ನೂ ಟೈಮ್ ಆಫೀಸನ್ನೂ ಮೊದಲಿನಿಂದ ಹಾಕಬೇಕಾಯಿತು. ಮೂರು ಗಂಟೆಗೆ ಅವೂ ದಾಟಿದವು. ಐದು ಪರದೆಯ ಮೇಲೂ ‘ವಸಿ ತಡೀರಿ’ ಬಂದು ಹೋಯಿತು. ರಾಜೇಂದ್ರ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿಕೊಂಡ.

“ಐದಕ್ಕೆ ಆಯ್ತು. 'ವಸಿ'ಯೂ ಓಗ್ಲಿ ಬುಡು ಅತ್ಲಾಗಿ, ಮೇಷ್ಟ್ರುಗಳು ಉಗುದ್ರೆ ಉಗೀಲಿ” ಎಂದ. “ಗೇಟು ಮಾತ್ರ ನಿಜವಾಗ್ಲೂ ಎಳಿಯಲ್ಲ. ಕನ್ನಡದ ಸಿಡಿ ಶುರುವಿಂದ್ಲೇ ಜಾಸ್ತಿ ಮೆಮೊರಿ ಕೇಳ್ತದೆ, ಅಷ್ಟು ಇಲ್ಲ ಅದಕ್ಕೆ.”

“ಶಾಲೆಗಳಲ್ಲಿ ಗೇಟಿನಂಥವು ಎಷ್ಟವೆ?” ಎಂದೆ.

“ನಾಕು ಶಾಲೇಲಿ ಬರೀ ಅಂಥವೇ ಇರೋದು. ಆ ನಾಕಕ್ಕೆ ಇಂಗ್ಲೀಷಿಂದೇ ಕೊಡ್ಬೇಕು.”

ಬುಕ್ಕು ನನ್ನ ಮಡಿಲಲ್ಲಿತ್ತು. ಐದು ಸಾಲು ಬರೆದಾಗಿತ್ತು. ರಾಜೇಂದ್ರ ವೈರು ಸುತ್ತಲು ಆಚೆ ತಿರುಗಿದಾಗ ದಿವ್ಯ ನನ್ನ ಕಿವಿಯ ಹತ್ತಿರ ಬಗ್ಗಿದಳು.

“ಅತ್ತೆ, ಗೇಟಿಗೂ ಹತ್ತು ಅಂತ ಬರೀರಿ. ಬುಕ್ಕಲ್ಲಿ ಏನಿದ್ರೆ ಅದೇ ಅಂದಿದಾರಲ್ಲ, ನೀವು ಬರೆದ್ರೆ ರಾಜೇಂದ್ರ ಅವರು ಇಲ್ಲ ಅನ್ನಲ್ಲ. ನಿಮ್ಮ ಮಗ ಬರೆದದ್ದು ಹತ್ತೊಂಬತ್ತಕ್ಕೂ ಹೋಗ್ಲಿ.”

ಅವಳು ಮದುವೆಯಾಗಿ ಬಂದ ನಾಲ್ಕು ವರ್ಷದಲ್ಲಿ ತನಗೆಂದು ನನ್ನನ್ನು ಏನೂ ಕೇಳಿರಲಿಲ್ಲ. ಗೇಟಿನ ಪರದೆ ನೋಡಿದೆ. ಪಟ್ಟಿ ನಾಲ್ಕು ಬೆರಳು ತುಂಬಿತ್ತು, ಉಳಿದದ್ದು ಖಾಲಿ.

“ಅಲ್ಲಿ ಐಕ್ಳು ಕಾಯ್ತಾ ಕೂತ್ಕೊತವೆ ಕಣವ್ವ” ಎಂದೆ.

ನಾಲ್ಕು ಎಂದು ಬರೆದು ಬುಕ್ಕನ್ನು ರಾಜೇಂದ್ರನಿಗೆ ಕೊಟ್ಟೆ. ಅವನು ಕೆಳಗೆ ಸಹಿ ಹಾಕಿಸಿಕೊಂಡ. ಗೋವಿಂದಮ್ಮ ಎಂದು ಬರೆದೆ. ಐದೂ ಕಾಲಿನ ಬಸ್ಸಿಗೆ ಹೋದ. ದಿವ್ಯ ಐದು ಕಂಪ್ಯೂಟರಿನ ಸ್ವಿಚ್ಚು ಆರಿಸಿ ಬಟ್ಟೆ ಹೊದಿಸಿದಳು. ನನ್ನ ಮೇಲೆ ಸಿಟ್ಟಿತ್ತೋ ಇಲ್ಲವೋ ತಿಳಿಯಲಿಲ್ಲ. ಮನೆಗೆ ಹೋಗುವಾಗ ಚೀಲವನ್ನು ಮಾತ್ರ ನನ್ನ ಕೈಯಿಂದ ತಾನು ತೆಗೆದುಕೊಂಡಳು.

ಸೋಮವಾರ ಹದಿನೈದು ಶಾಲೆಗೆ ಕನ್ನಡದ್ದು, ನಾಲ್ಕಕ್ಕೆ ಇಂಗ್ಲಿಷಿನದು ಎಂದು ಕಾಪಿಗೆ ಹೋಯಿತು. ಅಂದು ಬೆಳಗ್ಗೆ ನಾನು ಎಂದಿನ ಹೊತ್ತಿಗೆ ಮಹಡಿ ಹತ್ತಿದೆ. ನೋಡುವುದಕ್ಕೆ ಹೊಸ ಸಿಡಿ ಯಾವುದೂ ಇರಲಿಲ್ಲ. ರಾಜೇಂದ್ರ ಬಿಟ್ಟುಹೋದ ಕನ್ನಡದ ಸಿಡಿಯನ್ನು ಗೇಟಿಗೆ ಹಾಕಿ ಸ್ಟೂಲಿನ ಮೇಲೆ ಕೂತೆ. ಅರ್ಧ ಗಂಟೆಗೆ ನಾಲ್ಕಕ್ಕೆ ನಿಂತಿತು. ತಾರೀಕು ಹಾಕಿ ಬರೆದೆ. ಆರಿಸಿ, ಮೊದಲಿನಿಂದ ಹಾಕಿದೆ.